ಎಡಗೈ ಗಂಟು

ನಗುವವರು ಈಗಲೇ ನಕ್ಕು ಮುಗಿಸಿ. ಇದು ಊರವರ ಬಾಯಿಗೆ ಬಂದ ಕತೆಯಲ್ಲ, ನಮ್ಮ ಪಕ್ಕದ ಮನೆಯ ಗುಡ್ಡನಿಗೆ ಆದದ್ದು. ಹೋದ ವರ್ಷ, ದೀಪಾವಳಿ ಕಳೆದ ವಾರ.

ಗುಡ್ಡನಿಗೆ ಗಂಗೊಳ್ಳಿ ಬಂದರದಲ್ಲಿ ಹರಿದ ಬಲೆ ಸರಿಮಾಡುವ ಕೆಲಸ. ಆ ದಿನ ಬೋಟು ಬೆಳಗಿನ ಜಾವಕ್ಕೇ ಹೊರಡುವುದಿತ್ತು, ಮುಗಿಸಿಯೇ ಏಳು ಅಂದರು. ಮೀನಿನ ಟೆಂಪೋ ಹತ್ತಿ ತ್ರಾಸಿಯಲ್ಲಿ ಇಳಿಯುವಾಗ ಹನ್ನೊಂದೂವರೆ. ಅಲ್ಲಿಂದ ಕಾಲುದಾರಿ. ದಾರಿಯ ಬದಿಗೇ ಬೆಳ್ಳಿಚಿಕ್ಕಿಯ ಬಾವಿ.

ಬೆಳ್ಳಿಚಿಕ್ಕಿ ಗುಡ್ಡನ ಚಿಕ್ಕಮ್ಮ, ಅವನಿಗೆ ಬಲೆ ಕೆಲಸ ಕಲಿಸಿದವಳು. ಎಡಗೈಯವಳು, ಅವಳ ಗಂಟು ಬೇರೆಯವರದ್ದಕ್ಕೆ ಉಲ್ಟಾ. ಹರಿದ ಬಲೆಯನ್ನು ಬೆಳಗಿನವರೆಗೆ ಹಾಗೇ ಬಿಟ್ಟವಳೇ ಅಲ್ಲ. ಮಳೆಗಾಲಕ್ಕೆ ಮುಂಚೆ ತೀರಿಕೊಂಡಳು. ಆಮೇಲೆ ಬಾವಿಗೆ ತಾಗಿದ ಅವಳ ಹಿತ್ತಿಲ ಬಸಳೆ, ಅಬ್ಬಲಿಗೆ ಹೂವು ಎಲ್ಲ ನೋಡಿಕೊಂಡದ್ದು ಗುಡ್ಡನ ಮಗಳು ಧನ್ಯಶ್ರೀ. ನವಿಲು ಹಾಳು ಮಾಡಬಾರದೆಂದು ಗುಡ್ಡ ಸುತ್ತಲೂ ಹಳೇ ನೈಲಾನ್ ಬಲೆ ಕಟ್ಟಿದ್ದ. ಅಂಚನ್ನು ನೆಲದ ಮೇಲೇ ಬಿಟ್ಟಿದ್ದ. ಹಾಗೆ ಬಿಡಬೇಡ, ಹರಿದಾಡುವ ಜೀವ ಸಿಕ್ಕಿಬೀಳುತ್ತದೆ ಅಂತ ಚಿಕ್ಕಿ ಬದುಕಿದ್ದಾಗ ನೂರು ಸಲ ಹೇಳಿದ್ದಳು. ಮರೆತಿದ್ದ.

ಬಾವಿ ಹತ್ತಿರ ಬಂದ. ಗಾಳಿ ಇಲ್ಲ... ರಾಟೆ ಮಾತ್ರ ಕಿರ್ರ್ ಅಂತು.

ಆಗ ಕೇಳಿಸಿತು. ಸ್ಸ್ಸ್ಸ್... ಕುಕ್ಕರ್ ಕೂಗುವ ಮುಂಚೆ ಉಗಿ ಬಿಡುವ ಹಾಗೆ. ನಿಂತಿತು. ಮತ್ತೆ, ಸ್ಸ್ಸ್ಸ್...

ಕೊಳಕುಮಂಡಲ ಹಾವು. ಎಡಕ್ಕೋ ಬಲಕ್ಕೋ ಗೊತ್ತಾಗಲಿಲ್ಲ. ಗುಡ್ಡ ನಿಂತಲ್ಲೇ ನಿಂತ.

"ಗುಡ್ಡಾ..." ಹಿಂದಿನಿಂದ, ಮೆಲ್ಲಗೆ.

ಬಾಯಿ ಬಿಡಲಿಲ್ಲ. ರಾತ್ರಿ ಮೂರು ಸಲ ಕರೆಯದೆ ಓ ಅನ್ನಬಾರದು. ಮನುಷ್ಯರಲ್ಲದವು ಎರಡಕ್ಕಿಂತ ಹೆಚ್ಚು ಕರೆಯುವುದಿಲ್ಲ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು.

"ಗುಡ್ಡಾ..."

ಬೆರಳು ಮಡಚಿ ಎಣಿಸಿದ, ಎರಡು.

"ಗುಡ್ಡಾ, ಕಾಲ್ ಎತ್ತಬೇಡ."

ಮೂರಾಯಿತಲ್ಲ. "ಓ," ಅಂದ. ಅಂದ ಮೇಲೆ ಆ ಸ್ವರ ಯಾರದ್ದೆಂದು ಹೊಳೆಯಿತು.

"ನಿನ್ ಬಲಿಯಂಗ್ ಸಿಕ್ಕಿತ್. ಕಾಣ್."

ಮೊಬೈಲ್ ಬೆಳಕು ಹಾಕಿದ. ಕಾಲಿನಿಂದ ಒಂದೇ ಮಾರು. ಬಲೆಯ ಕಣ್ಣು ಹಾವಿನ ನಡುವಿಗೆ ಬಿಗಿದಿತ್ತು, ತಲೆ ದಾರಿಗೆ ಚಾಚಿತ್ತು.

ಗುಡ್ಡ ಹಿಂದೆ ತಿರುಗಲಿಲ್ಲ. "ನಾ ಹೋತೆ ಚಿಕ್ಕಿ. ಬೆಳಿಗ್ಗೆ ಕಾಂಬ."

"ಬೆಳಿಗ್ಗೆ ನಿನ್ ಮಗಳ್ ಬತ್ತ್ಳಲ್ದಾ... ಹೂಗ್ ಕೊಯ್ಯುಕೆ. ಬರಿಗಾಲಂಗ್."

ಮಗಳಿಗೆ ಹೋಗಬೇಡ ಅಂತ ಹೇಳಿದರಾಯಿತು ಅಂದುಕೊಂಡ. ಆದರೆ ಅಷ್ಟರಲ್ಲಿ ಅದು ಬಲೆ ಹರಿದುಕೊಂಡು ಬಸಳೆಯ ಬುಡಕ್ಕೋ ಅಬ್ಬಲಿಗೆ ಸಾಲಿಗೋ ಹೊಕ್ಕರೆ... ಮತ್ತೆ ಎಷ್ಟು ದಿನ ಅಂತ ಮಗಳನ್ನು ಕಾಯುವುದು?

"ಬೆಳ್ಕ್ ನಂಗ್ ಕೊಡ್," ಅಂತು ಸ್ವರ.

ಮೊಬೈಲನ್ನು ಹಿಂದಕ್ಕೆ ಚಾಚಿದ. ಯಾರೋ ತೆಗೆದುಕೊಂಡರು. ಕೈ ತಾಗಲಿಲ್ಲ. ಬೆಳಕು ಹಾವಿನ ಮೇಲೆ ಅಲುಗದೆ ನಿಂತಿತು.

ಹೆಗಲ ಮೇಲಿದ್ದ ಗೋಣಿಯನ್ನು ಹಾವಿನ ತಲೆಯ ಮೇಲೆ ಬೀಸಿ ಹಾಕಿದ. ಬಾವಿಕಟ್ಟೆಗೆ ಒರಗಿಸಿದ್ದ ಕೋಲಿನಿಂದ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಬಲೆ ಕೆಲಸದ ಚೂರಿ.

"ಬಾಲದ್ ಬದಿಯಿಂದ... ಮೆಲ್ಲ..."

ಟಿಕ್. ಟಿಕ್. ಒಂದೊಂದೇ ಎಳೆ. ಗೋಣಿಯೊಳಗೆ ಸ್ಸ್ಸ್ಸ್... ಕೊನೆಯ ಎಳೆ ಕಡಿದದ್ದೇ ಹಿಂದಕ್ಕೆ ಹಾರಿದ. ಹಿಂದೆ ಯಾರೂ ತಾಗಲಿಲ್ಲ. ಒಣ ಎಲೆಗಳ ಮೇಲೆ ಸರಸರ... ಹಾಡಿಯ ಮರಗಳ ಕಡೆಗೆ. ಆಮೇಲೆ ಸದ್ದಿಲ್ಲ.

"ಚಿಕ್ಕಿ," ಅಂದ. ಯಾರೂ ಓ ಅನ್ನಲಿಲ್ಲ. ಮೊಬೈಲ್ ಬಾವಿಕಟ್ಟೆಯ ಮೇಲಿತ್ತು. ಹರಿದ ಬಲೆಯನ್ನು ಹಾಗೇ ಬಿಟ್ಟು ಮನೆಗೆ ಓಡಿದ.

ರಾತ್ರಿಯಿಡೀ ಜ್ವರ. ಎಚ್ಚರಾಗುವಾಗ ಏಳು ಗಂಟೆ. ಧನ್ಯಶ್ರೀ ಆಗಲೇ ಹೂವು ತಂದು ಜಗಲಿಯಲ್ಲಿ ಕಟ್ಟುತ್ತ ಕೂತಿದ್ದಳು. ಅವಳ ಪಾದ ಎರಡನ್ನೂ ಹಿಡಿದು ನೋಡಿದ, ಅತ್ತುಬಿಟ್ಟ.

"ಎಂತ ಅಪ್ಪಯ್ಯ?"

"ಬಲಿ ಹರ್ದದ್ ಕಂಡ್ಯಾ ಹೆಣ್ಣೆ?"

"ಎಲ್ಲಿ ಹರ್ದಿತ್? ಸಮಾ ಇತ್ತಲೆ."

ಹೋಗಿ ನೋಡಿದ. ನಾನೂ ಜೊತೆಗೆ ಹೋದೆ, ಸುಳ್ಳು ಹೇಳಿ ನನಗೆ ಎಂತ ಸಿಗಬೇಕು? ಬಲೆಯ ಅಂಚನ್ನು ಸುತ್ತಲೂ ನೆಲದಿಂದ ಒಂದು ಗೇಣು ಮೇಲೆತ್ತಿ ಕಟ್ಟಿತ್ತು. ಕತ್ತರಿಸಿದ ಕಡೆ ಹೊಸ ನೂಲು. ಒಂದೊಂದು ಗಂಟನ್ನೂ ಕೈಯಲ್ಲಿ ಹಿಡಿದು ನೋಡಿದ್ದೇವೆ. ಎಲ್ಲ ಎಡಗೈಯವು.