ಅಡುಗೆಯವನ ಅರ್ಜಿ ಹಿಂದೆಗೆದ ಧಣಿ

ಪರದೇಶದ ಒಂದು ಪಟ್ಟಣದಲ್ಲಿ, ನಮ್ಮ ಕಡೆಯವನೇ, ಒಬ್ಬ ಶ್ರೀಮಂತನಿದ್ದ. ದೊಡ್ಡ ಹೋಟೆಲು. ದಾನಿ, ಭಕ್ತ, ಎಲ್ಲ ಹೌದು. ಬಾಯಿ ಮಾತ್ರ ಬೆಂಕಿ.

ಊರಿನಿಂದ ಒಬ್ಬ ಅಡುಗೆಯವನನ್ನು ಕರೆಸಿಕೊಂಡಿದ್ದ. ನೋಡಿ, ಆ ದೇಶದಲ್ಲಿ ಧಣಿ ಸರ್ಕಾರಕ್ಕೆ ಅರ್ಜಿ ಹಾಕಿದರೆ ಮಾತ್ರ ಆಳಿಗೆ ವೀಸಾ. ಅರ್ಜಿ ಇದ್ದರೆ ಅವನುಂಟು, ಹೆಂಡತಿಯುಂಟು, ಮಗಳುಂಟು. ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಲ್ಲಿ ಶಸ್ತ್ರಚಿಕಿತ್ಸೆಯಾಗಿ, ಮಾತು ಕಲಿಸುವ ತರಗತಿ ನಡೆದಿತ್ತು. ತುಟಿಯ ಮೇಲೆ ಆಗಷ್ಟೇ ಮಾತು ಮೂಡುತ್ತಿತ್ತು.

ಒಂದು ದಿನ ಆ ತರಗತಿಯಿಂದ ಅಡುಗೆಯವನು ತಡವಾಗಿ ಬಂದ. ಗಿರಾಕಿಗಳ ಎದುರೇ ಧಣಿ ಕೂಗಿದ: “ನಾಳೆಯಿಂದ ಬರುದು ಬೇಡ ನೀನು!” ಅಷ್ಟಕ್ಕೇ ಬಿಟ್ಟನೇ? ವಕೀಲರಿಗೆ ಫೋನು ಮಾಡಿ, “ಅವನ ಅರ್ಜಿ ವಾಪಸ್ ತೆಗೀರಿ” ಎಂದ.

ಊರಲ್ಲಿ ಇವನ ತಂದೆಯೂ ಹೀಗೇ ಕೂಗುತ್ತಿದ್ದರು. ಕೂಗಿಸಿಕೊಂಡವನು ಮರುದಿನ ಬೆಳಿಗ್ಗೆ ಬಂದು ಒಲೆ ಹೊತ್ತಿಸುತ್ತಿದ್ದ. ಅಲ್ಲಿಗೆ ಮುಗಿಯಿತು. ಈ ಅಡುಗೆಯವನೂ ಮರುದಿನ ಬಂದ, ಒಲೆ ಹೊತ್ತಿಸಿದ, ದೋಸೆ ಹುಯ್ದ. ಧಣಿ ತಿಂದ. ವಕೀಲರಿಗೆ “ಸಿಟ್ಟಲ್ಲಿ ಅಂದೆ, ಬಿಡಿ” ಎನ್ನಲು ನಾಚಿಕೆಯಾಯಿತು. ಸುಮ್ಮನಾದ. ಹೌದು, ಸುಮ್ಮನಾದ!

ಸರ್ಕಾರ ಸುಮ್ಮನಾಗಲಿಲ್ಲ. ಅರ್ಜಿ ರದ್ದಾಯಿತೆಂದು ಪತ್ರ ಬಂತು.

ಧಣಿ ವಕೀಲರಲ್ಲಿಗೆ ಓಡಿದ. “ಅವ ಬೇಕು ನನಗೆ! ದಾರಿ ಹೇಳಿ.”

“ರದ್ದಾದದ್ದು ಮತ್ತೆ ಏಳುವುದಿಲ್ಲ. ಸರ್ಕಾರ ಕೊಟ್ಟ ಗಡುವಿನೊಳಗೆ ಬೇರೆ ಯಾರಾದರೂ ಹೊಸ ಅರ್ಜಿ ಹಾಕಲಿ. ಹಿಂದೆಗೆದ ನೀವೇ ಮತ್ತೆ ಹಾಕಿದರೆ ಸರದಿ ಕೊನೆಯಿಂದ, ಗಡುವಿನೊಳಗೆ ಆಗದು. ಪ್ರವಾಸಿಯಾಗಿ ಸ್ವಲ್ಪ ಕಾಲ ಉಳಿಯಬಹುದು, ಆದರೆ ದುಡಿಯುವ ಹಾಗಿಲ್ಲ. ಅದೂ ಇಲ್ಲವೆಂದರೆ ಊರು.”

ದುಡಿಯದೆ ಉಣ್ಣುವುದೇನು? ತರಗತಿ ನಡೆಸುವುದು ಹೇಗೆ? ಧಣಿ ಎದುರಾಳಿ ಹೋಟೆಲಿನವನ ಬಾಗಿಲಿಗೆ ಹೋಗಿ ಕೈಮುಗಿದ. ಅವನು ನಕ್ಕ. “ನಿಮಗೇ ಬೇಡವಾದವ ನಮಗ್ಯಾಕೆ ಮಾರಾಯ್ರೇ?” ಎಲ್ಲ ಬಾಗಿಲಲ್ಲೂ ಅದೇ ಮಾತು. ಗಡುವು ಮುಗಿಯಿತು.

ವಿಮಾನ ನಿಲ್ದಾಣದಲ್ಲಿ ಅಡುಗೆಯವನು ಬೈಯಲಿಲ್ಲ. “ಆ ದಿನವೇ ಒಂದು ಮಾತು ಹೇಳ್ಬಹುದಿತ್ತು ಧಣಿ” ಎಂದನಷ್ಟೆ. ತಾಯಿ ಮಗಳ ಬೆನ್ನು ತಟ್ಟಿದಳು. ಮಗು ತುಟಿ ಕೂಡಿಸಿ, ಕಷ್ಟಪಟ್ಟು, “ಬ‌ರ್ತೇನೆ” ಎಂದಿತು.

ಇದಕ್ಕೆ ನಾವು ಏನನ್ನುತ್ತೇವೆ? “ಹೋಗಿ ಬಾ” ಎನ್ನುತ್ತೇವೆ. ಧಣಿಯ ಬಾಯಿಂದ “ಬಾ” ಹೊರಡಲಿಲ್ಲ. ಎಲ್ಲಿಗೆ ಬಾ ಎನ್ನುತ್ತಾನೆ?

ಅವರ ಊರಲ್ಲಿ ಅಂಥ ತರಗತಿ ಇಲ್ಲ. ಮಗು ಈಗ ಮಾತಾಡುತ್ತದೆಯೇ ಎಂದು ಕೇಳಬೇಡಿ.

ನಗುಮುಖದಿಂದ ಕೂತಿದ್ದೀರಿ. ಇಂದು ಬೆಳಿಗ್ಗೆ ಯಾರಿಗೆ “ಬರಬೇಡ” ಎಂದು ಬಂದಿರಿ? ಪಾತ್ರೆ ತೊಳೆಯುವವಳಿಗೆ? ಸೊಸೆಗೆ? ತಮ್ಮನಿಗೆ? “ಅವಳು ಮತ್ತೆ ಬಂದಳಲ್ಲ, ಕೆಲಸ ಮಾಡುತ್ತಿದ್ದಾಳಲ್ಲ” ಎನ್ನಬೇಡಿ. ಅವಳು ಬಂದಿದ್ದಾಳೆ, ನಿಮ್ಮ ಮಾತೂ ಅಲ್ಲೇ ನಿಂತಿದೆ. ಅವಳ ಕೈಯ ದೋಸೆ ತಿಂದರೆ ಆ ಮಾತು ಅಳಿಯುವುದಿಲ್ಲ. ಬಾಯಿಂದ ಆಡಿದ್ದನ್ನು ಬಾಯಿಂದಲೇ ಹಿಂದಕ್ಕೆ ಕರೆಯಬೇಕು. ಇವತ್ತು ಮನೆಗೆ ಹೋದವರು ಎಲೆಯ ಮುಂದೆ ಕೂರುವ ಮೊದಲು ಅವರ ಹತ್ತಿರ ಹೋಗಿ. “ಸಿಟ್ಟಲ್ಲಿ ಅಂದೆ, ತಪ್ಪಾಯಿತು, ನಾಳೆ ಬಾ” ಎನ್ನಿ. ನಾಚಿಕೆಯಾಗುತ್ತದೆ, ಆಗಲಿ. “ಬಾ” ಎಂದರೆ ಬರಲು ಅವರಿಗೆ ಇನ್ನೂ ದಾರಿ ಇರುವಾಗಲೇ ಎನ್ನಿ.