ಪಕ್ಕದ ಕಿಟಕಿಯ ಬೋರ್ಡು

ಬಸ್‌ಸ್ಟಾಪಿನಲ್ಲಿ ಕೂತಿದ್ದ ನರ್ಸಮ್ಮನ ಪಕ್ಕಕ್ಕೆ ಹೊಲಿಗೆ ಮೆಷಿನ್ ರಿಪೇರಿಯವನೊಬ್ಬ ತಂಗಿಯ ಮಗಳೊಂದಿಗೆ ಬಂದು ಕೂತ. ಅವನ ಮುಷ್ಟಿಯಲ್ಲಿ ಬೀಗದಕೈ ಇತ್ತು.

“ಮಾವ, ಅಂಗಡಿ ಇವತ್ತೇ ಬಿಟ್ಟುಕೊಡ್ಬೇಕಾ?”

“ಮತ್ತಿನ್ನೇನಮ್ಮ? ತಿಂಗಳಿಂದ ಒಂದು ನರಪಿಳ್ಳೆ ಸುಳಿದಿಲ್ಲ. ನನ್ನ ಕೈಚಳಕ ಮುಗೀತು.”

“ನಾನು ವೆಬ್‌ಸೈಟ್ ಮಾಡೋದು ಕಲೀತಿದ್ನಲ್ಲ...”

“ಹೂಂ, ಬ್ರೌಸರ್‌ನಲ್ಲೇ ಪುಕ್ಕಟೆ ಕಲಿಸ್ತಾರೆ ಅಂದಿದ್ದೆ.”

“ಅಭ್ಯಾಸಕ್ಕಂತ ಒಂದು ಸುಳ್ಳುಸುಳ್ಳು ಸೈಟ್ ಕೊಡ್ತಾರೆ, ಏನು ಗೀಚಿದ್ರೂ ತಾನೇ ಅಳಿಸಿಹೋಗುತ್ತೆ. ಸ್ಕ್ರೀನ್ ಮೇಲೆ ಅದರ ಪಕ್ಕದ ಕಿಟಕೀಲಿ ನಿಮ್ಮ ಅಂಗಡಿ ಸೈಟ್ ತೆರೆದಿಟ್ಟಿದ್ದೆ. ಎರಡೂ ನೋಡೋಕೆ ಒಂದೇ ಥರ. ಹೋದ ತಿಂಗಳು ‘ಅಂಗಡಿ ಶಾಶ್ವತವಾಗಿ ಮುಚ್ಚಿದೆ’ ಅಂತ ದೊಡ್ಡದಾಗಿ ಬೋರ್ಡ್ ಹಾಕಿ ನೋಡ್ದೆ.”

“ಎಲ್ಲಿ ಹಾಕ್ದೆ?”

“ಗೊತ್ತಾಗ್ದೆ ನಿಮ್ಮದ್ರಲ್ಲಿ. ಇವತ್ತು ಬೆಳಿಗ್ಗೆ ಕಣ್ಣಿಗೆ ಬಿತ್ತು, ಕಿತ್ತುಹಾಕಿದೆ. ಬೈರಿ ಮಾವ. ಬೇಕಾದ್ರೆ ನಾಲ್ಕು ಬಾರಿಸಿ.”

ನರ್ಸಮ್ಮ ಅವನ ಕಡೆ ತಿರುಗಿ ನೋಡಿದಳು.

“ಅಂದ್ರೆ... ಜನಕ್ಕೆ ನಾನು ಬೇಡವಾಗಿರ್ಲಿಲ್ಲ?”

“ಇಲ್ಲ ಮಾವ. ಸೈಟ್ ನೋಡ್ಕೊಂಡೇ ತಾನೇ ಎಲ್ರೂ ಬರ್ತಿದ್ದಿದ್ದು.”

“ಅಯ್ಯೋ ಹುಚ್ಚುಹುಡುಗಿ! ಇದನ್ನ ಹೇಳೋಕೆ ಇಷ್ಟು ಹೆದರಿದ್ಯಾ?”

ಬಸ್ಸು ಬಂದು ನಿಂತಿತು. ಅವನು ಬೀಗದಕೈಯನ್ನು ಜೇಬಿಗಿಳಿಸಿ, ಮದುಮಗನಂತೆ ಎದೆಯುಬ್ಬಿಸಿಕೊಂಡು ಬಂದ ದಾರಿಗೇ ತಿರುಗಿದ. ಹುಡುಗಿಗೆ ಮಾತ್ರ ಅವನ ಜೊತೆ ಹೆಜ್ಜೆ ಹಾಕಲಾಗಲಿಲ್ಲ. ತಲೆ ತಗ್ಗಿಸಿ, ಹಿಂದೆ ಹಿಂದೆಯೇ ನಡೆದಳು.