ಎರಡು ಕಾಗದ

ಆಸ್ಪತ್ರೆಯಲ್ಲಿ ಬ್ಯಾಂಡೇಜು ಬದಲಿಸುವ ಕೋಣೆಯ ಹೊರಗೆ, ಕಾಲು ಮುರಿದುಕೊಂಡ ಮೇಷ್ಟ್ರು ಬೆಂಚಿನ ನಡುವೆ ಕೂತಿದ್ದರು. ಅವರ ಎಡಬಲಕ್ಕೆ ಬಟ್ಟೆ ಕಾರ್ಖಾನೆಯ ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಇಬ್ಬರು ಹೆಂಗಸರು. ಕನ್ನಡಕದವಳೇ ಮೊದಲು ಬಾಯಿಬಿಟ್ಟಳು.

“ಕೈ ಹೇಗಿದೆಯೇ?”

“ಎರಡು ವರ್ಷದ ಮೇಲೆ ಮಾತಾಡಿಸ್ತಿದ್ದೀಯ!” ಎಂದಳು ಎತ್ತರದವಳು.

“ನಮ್ಮ ಸಂಘ ಮುಷ್ಕರ ಮಾಡಿದಾಗ ನಿಮ್ಮ ಸಂಘದವರು ಒಳಗೆ ಹೋಗಿ ಬಟ್ಟೆ ಹೊಲಿದ್ರಲ್ಲ. ಮಾತು ಎಲ್ಲಿಂದ ಬರುತ್ತೆ?”

“ಮತ್ತೆ ಬೆಂಕಿ ಬಿದ್ದಾಗ ನನ್ನ ಜಡೆ ಹಿಡಿದು ಯಾಕೆ ಎಳ್ಕೊಂಡು ಬಂದೆ?”

“ಆ ಹೊಗೇಲಿ ಯಾರ ಜಡೆ ಅಂತ ಕಂಡಿದ್ರೆ ತಾನೇ!”

ಎತ್ತರದವಳು ನಕ್ಕಳು, ಕೆಮ್ಮಿ ಮುಂದುವರಿಸಿದಳು.

“ಮ್ಯಾನೇಜರು ಮನೆಗೆ ಬಂದಿದ್ದ. ಬೆಂಕಿ ಹಚ್ಚಿದ್ದು ನಿಮ್ಮ ಸಂಘದವರು ಅಂತ ಬರ್ಕೊಂಡು ಬಂದು ಸಹಿ ಕೇಳ್ದ.”

“ನಮ್ಮನೆಗೂ ಬಂದಿದ್ದ. ಅದ್ರಲ್ಲಿ ನಿಮ್ಮ ಸಂಘದವರು ಅಂತಿತ್ತು.”

ಎತ್ತರದವಳು ಮೇಷ್ಟ್ರ ಮುಂದಿನಿಂದ ಅವಳ ಕಡೆ ಬಾಗಿದಳು.

“ಸಹಿ ಹಾಕಿದ್ಯಾ?”

“ಅವನು ಹೊರಗಿಂದ ಬೀಗ ಜಡಿಸಿದ್ದ ಬಾಗಿಲನ್ನ ಇಬ್ಬರೂ ಒಟ್ಟಿಗೆ ಗುದ್ದಿದ್ವಲ್ಲೇ. ಹೇಗೆ ಹಾಕ್ಲಿ? ಕಾಗದ ಚೀಲದಲ್ಲೇ ಇದೆ.”

“ನಂದೂ ಇದೆ. ನಾಳೆ ವಿಚಾರಣೆಲಿ ಎರಡನ್ನೂ ಅಕ್ಕಪಕ್ಕ ಇಡೋಣ. ಬೀಗದ ವಿಷಯಾನೂ ಹೇಳೋಣ.”

“ನಿಮ್ಮವರು ಏನಂತಾರೋ?”

“ಅಂದ್ಕೊಳ್ಳಲಿ ಬಿಡು.”

ಬಾಗಿಲು ತೆರೆಯಿತು. “ಒಬ್ಬೊಬ್ಬರೇ ಬನ್ನಿ,” ಎಂದಳು ನರ್ಸ್.

“ಆಗಲ್ಲ,” ಎಂದರು ಇಬ್ಬರೂ. ಸರದಿ ಮೇಷ್ಟ್ರದ್ದಾಗಿತ್ತು. ಅವರು ಕಾಲು ಸರಿಸಿ ದಾರಿ ಬಿಟ್ಟರು.